ಗಾಲಿಮನೆಯ ಲೆಕ್ಕಾಚಾರ

ಕ್ಯಾಂಪರ್ ವ್ಯಾನ್ ಚಳಿ ದೇಶದ ಕೂಸು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ, ಕಪಾಟು ಕೂರಿಸಿ ಮಾರತೊಡಗಿದಾಗ ಅದರ ಕಣ್ಣೆದುರು ಇದ್ದದ್ದು ಅಲ್ಲಿಯ ಬೇಸಿಗೆ: ರಾತ್ರಿ ಒಂಬತ್ತಾದರೂ ಮಾಸದ ಬೆಳಕು, ಹೊರಗೆ ಕುರ್ಚಿ ಹಾಕಿ ಹರಟೆ, ಮಲಗಲಿಕ್ಕಷ್ಟೇ ಒಳಗೆ. ತಂಪು ರಾತ್ರಿಗೆ ಬೆಚ್ಚಗಿನ ಪೆಟ್ಟಿಗೆ ಒಗ್ಗುತ್ತದೆ. ಅದೇ ಪೆಟ್ಟಿಗೆಯನ್ನು ಕೋಸ್ಟರಿಕಾದ ಪೆಸಿಫಿಕ್ ತೀರದಲ್ಲಿ ನಿಲ್ಲಿಸಿ ನೋಡಿ. ಸಮಭಾಜಕಕ್ಕೆ ಹತ್ತು ಡಿಗ್ರಿಯಷ್ಟೇ ದೂರದ ನಾಡು. ಯಾವ ತಿಂಗಳಾದರೂ ಸಂಜೆ ಆರೂವರೆಯೊಳಗೆ ಕಗ್ಗತ್ತಲು. ಇನ್ನು ಬೆಳಗಾಗುವವರೆಗೆ ಸುಮಾರು ಹನ್ನೊಂದು ತಾಸು. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಬೆವರು, ಹವಾನಿಯಂತ್ರಣ ಬೇಕೆಂದರೆ ಎಂಜಿನ್ ಓಡಿಸಿ ಪೆಟ್ರೋಲ್ ಸುಡಬೇಕು, ಇಲ್ಲವೇ ವಿದ್ಯುತ್ ಸಂಪರ್ಕವಿರುವ ಜಾಗಕ್ಕೆ ಬಾಡಿಗೆ ತೆರಬೇಕು.

ಆದರೂ ‘ಕಡಿಮೆ ಖರ್ಚಿನಲ್ಲಿ ಉಷ್ಣವಲಯ’ ಎಂದೊಡನೆ ವ್ಯಾನಿನ ಹೆಸರು ಮೊದಲು ಬರುತ್ತದೆ. ಕೋಣೆ ಬಾಡಿಗೆ ಉಳಿಯಿತು, ಅಡುಗೆ ನಮ್ಮದೇ, ಇನ್ನೇನು ಖರ್ಚು ಎಂಬ ವಾದ. ಬಾಡಿಗೆ ವ್ಯಾನಿನ ಮೇಲೆ ಕಡ್ಡಾಯ ವಿಮೆ ಕೂಡಿದಾಗ ಜಾಹೀರಾತಿನ ದರ ಎಷ್ಟು ಊದಿಕೊಳ್ಳುತ್ತದೆ ಎಂಬುದು ಕೌಂಟರಿನ ಮುಂದೆ ನಿಂತವರಿಗೇ ಗೊತ್ತು. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ಆ ವಿಮೆ ಸಾಮಾನ್ಯವಾಗಿ ಕೈ ಎತ್ತುತ್ತದೆ. ಓಸಾ ಪರ್ಯಾಯ ದ್ವೀಪದ ಕಡೆ ಸೇತುವೆಯಿಲ್ಲದ ಹೊಳೆಗಳಿಗೆ ಬರವಿಲ್ಲ. ಪೆಟ್ರೋಲಿನಲ್ಲಿ ಚೌಕಾಸಿಗೆ ಎಡೆಯೇ ಇಲ್ಲ. ಆಮದೆಲ್ಲ ಸರ್ಕಾರಿ ಕಂಪನಿಯದು, ಬೆಲೆ ಕಟ್ಟುವುದು ಸರ್ಕಾರಿ ನಿಯಂತ್ರಣ ಸಂಸ್ಥೆ, ದೇಶದ ಎಲ್ಲ ಬಂಕಿನಲ್ಲೂ ಒಂದೇ ದರ. ದೇಶ ಚಿಕ್ಕದು, ಕರ್ನಾಟಕದ ಕಾಲುಭಾಗಕ್ಕಿಂತ ತುಸು ದೊಡ್ಡದು. ಅಷ್ಟಕ್ಕೇ ಮರುಳಾಗಬಾರದು. ರಾಜಧಾನಿಯಿಂದ ದಕ್ಷಿಣಕ್ಕೆ ಹೋಗುವ ಪ್ಯಾನ್ ಅಮೆರಿಕನ್ ಹೆದ್ದಾರಿ ಸೆರೊ ದೆ ಲಾ ಮುಯೆರ್ತೆ ಬೆಟ್ಟದಲ್ಲಿ ಮೂರು ಸಾವಿರ ಮೀಟರ್ ಮೀರಿ ಏರುತ್ತದೆ. ಭಾರದ ವ್ಯಾನ್ ಅಲ್ಲಿ ಎಣ್ಣೆ ಕುಡಿಯುವ ಪರಿ ಕಿಲೋಮೀಟರಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಹಾಗಿದ್ದೂ ಅಲ್ಲಿ ಅಗ್ಗವಾಗಿ ತಿರುಗಿ ಬಂದವರು ಬೇಕಾದಷ್ಟಿದ್ದಾರೆ, ಅವರು ಹೇಳುವುದು ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಆ ಉಳಿತಾಯ ಬಂದದ್ದು ವ್ಯಾನಿನಿಂದಲ್ಲ. ಸಮುದ್ರ ಕಾಣುವಂತೆ ಬೀಡುಬಿಟ್ಟವರು ಎಂದಾದರೂ ಯೋಚಿಸಿದ್ದಾರೆಯೇ, ಈ ದಂಡೆಯನ್ನು ಯಾವುದೋ ರೆಸಾರ್ಟ್ ಏಕೆ ಬೇಲಿ ಹಾಕಿ ಮುಚ್ಚಿಲ್ಲ ಎಂದು? 1977ರ ಕಡಲತೀರ ಕಾನೂನಿನ ಪ್ರಕಾರ ಭರತರೇಖೆಯಿಂದ ಒಳಕ್ಕೆ ಐವತ್ತು ಮೀಟರ್ ಸಾರ್ವಜನಿಕರದ್ದು. ಕ್ರಿಸ್ಮಸ್ಸಿಗೆ, ಈಸ್ಟರ್ ವಾರಕ್ಕೆ ಊರಿನ ಸಂಸಾರಗಳು ಪಾತ್ರೆ ಪಡಗ ಸಮೇತ ಬಂದು ಡೇರೆ ಹೊಡೆಯುವುದು ಆ ಹಕ್ಕಿನ ಬಲದಿಂದ. (ಮರಳಿನ ಮೇಲೆ ಗಾಡಿ ಓಡಿಸುವುದಕ್ಕೆ ಮಾತ್ರ ನಿಷೇಧವಿದೆ, ಅದನ್ನು ಮರೆಯುವವರು ಹೆಚ್ಚಾಗಿ ಪರದೇಶದವರೇ.) ಟ್ಯಾಂಕಿಗೆ ತುಂಬಿಕೊಳ್ಳುವ ನಲ್ಲಿ ನೀರು ಬಹುಪಾಲು ಕಡೆ ಹಾಗೆಯೇ ಕುಡಿಯಬಹುದು. ಹಳ್ಳಿಗಳಲ್ಲಿ ಆ ನೀರನ್ನು ನೋಡಿಕೊಳ್ಳುವುದು ಊರವರೇ ಕೂಡಿ ನಡೆಸುವ ಸಮಿತಿ. ಬಾಟಲಿ ನೀರು ಕೊಳ್ಳದೆ ಉಳಿದ ಹಣವನ್ನು ವ್ಯಾನಿನ ಖಾತೆಗೆ ಜಮಾ ಮಾಡುವುದು ಯಾವ ನ್ಯಾಯ?

ಸಮಸ್ಯೆಯ ಗಂಟು ಇಲ್ಲೇ ಇದೆ. ದಂಡೆ, ನೀರು, ರಸ್ತೆ ಎಲ್ಲ ಹೀಗೆ ಜನರ ಕೈಯಲ್ಲಿ ಉಳಿದ ದೇಶದಲ್ಲಿ ವ್ಯಾನಿಲ್ಲದವರಿಗೂ ಬದುಕು ಸುಲಭವೇ. ಸಣ್ಣ ಊರುಗಳಿಗೂ ಬಸ್ಸಿದೆ. ರಸ್ತೆ ಬದಿಯ ‘ಸೋಡಾ’ ಎಂಬ ಖಾನಾವಳಿಗಳಲ್ಲಿ ‘ಕಸಾದೊ’ ಕೇಳಿದರೆ ಅನ್ನ, ಕರಿ ಬೀನ್ಸ್, ಕರಿದ ಬಾಳೆಹಣ್ಣು, ಕೋಸಂಬರಿಯಂಥದ್ದು, ಜೊತೆಗೆ ಮೀನೋ ಮೊಟ್ಟೆಯೋ ಒಂದೇ ತಟ್ಟೆಯಲ್ಲಿ ಬರುತ್ತದೆ. ಕೆಲವು ಕಡೆ ಕಾಫಿಯನ್ನು ಈಗಲೂ ಮರದ ಚೌಕಟ್ಟಿಗೆ ತೂಗುಹಾಕಿದ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಹಳೇ ಮಲೆನಾಡಿನ ಅಡುಗೆಮನೆ ಕಂಡವರಿಗೆ ಗುರುತು ಹತ್ತೀತು. ಇದೆಲ್ಲ ಬಾಗಿಲಲ್ಲೇ ಇರುವಾಗ ಗ್ಯಾಸ್ ಒಲೆ ಹಚ್ಚಿ, ಸೂಪರ್ ಮಾರ್ಕೆಟ್ಟಿನ ಪಾಸ್ತಾ ಬೇಯಿಸುವುದನ್ನು ಮಿತವ್ಯಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇನ್ನು ಬೇಲಿ ಹಾಕಿದ ದಂಡೆ, ಕುಡಿಯಲಾಗದ ನೀರು, ರಾತ್ರಿ ನಿಲ್ಲಲು ಅಂಜಿಕೆ ಇರುವ ದೇಶಗಳಲ್ಲಿ ವ್ಯಾನ್ ಅಗ್ಗವಾಗುವ ಮಾತೇ ಇಲ್ಲ. ಹೆಜ್ಜೆಹೆಜ್ಜೆಗೂ ಕಾವಲಿರುವ ಜಾಗ ಹುಡುಕಿ ದುಡ್ಡು ಕೊಡಬೇಕು. ಅಂದರೆ ವ್ಯಾನ್ ಅಗ್ಗವಾಗುವ ಕಡೆ ಅದರ ಅಗತ್ಯ ಕಡಿಮೆ, ಅಗತ್ಯ ಹೆಚ್ಚಿರುವ ಕಡೆ ಅದು ಅಗ್ಗವಲ್ಲ.

ಸ್ವಾತಂತ್ರ್ಯದ ಮಾತು ಬೇರೆ. ಬಸ್ಸಿನ ವೇಳೆಗೆ ಕಾಯದೆ, ನಸುಕಿನಲ್ಲೇ ಉದ್ಯಾನದ ಗೇಟಿನ ಮುಂದಿರುವ ಸುಖಕ್ಕೆ ಬೆಲೆ ಕೊಡುವವರು ಕೊಡಲಿ. ಅದನ್ನು ಸುಖ ಎನ್ನಲಿ, ಉಳಿತಾಯ ಎನ್ನುವುದು ಬೇಡ. ಉಳಿತಾಯ ನಿಜವಾಗುವ ಸಂದರ್ಭವೂ ಒಂದಿದೆ. ಎರಡು ಕೋಣೆ ಹಿಡಿಯಬೇಕಾದ ನಾಲ್ವರ ಸಂಸಾರ, ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳು, ತೀರದ ಸೆಕೆ ಬಿಟ್ಟು ಹೆಚ್ಚು ದಿನ ಸಾನ್ ಹೆರಾರ್ದೊ ದೆ ದೋತಾದಂಥ ಎತ್ತರದ ಕಣಿವೆಗಳಲ್ಲಿ ಬೀಡು. ಅಲ್ಲಿ ರಾತ್ರಿ ಕಂಬಳಿ ಬೇಕಾಗುತ್ತದೆ; ಪೆಟ್ಟಿಗೆ ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತದೆ. ಉಳಿದ ದುಡ್ಡಿನಲ್ಲಿ ಮಧ್ಯಾಹ್ನದ ಊಟವನ್ನಾದರೂ ಸೋಡಾದಲ್ಲಿ ಮಾಡಿದರೆ, ಆ ಊರಿನವರ ದಂಡೆ, ನೀರು ಬಳಸಿದ್ದಕ್ಕೆ ಪ್ರತಿಯಾಗಿ ಅವರ ಕೈಗೂ ನಾಲ್ಕು ಕಾಸು ಸೇರುತ್ತದೆ.