ಪರದೇಶದ ಪಂಕ್ತಿಯಲ್ಲಿ

ಉದ್ಯೋಗನಿಮಿತ್ತ ಅಮೆರಿಕೆಗೆ ಹೋಗುವ ನಮ್ಮವರಲ್ಲಿ ಅನೇಕರಿಗೆ ಹಗಲಿನ ಸಭೆಗಿಂತ ರಾತ್ರಿಯ ಊಟವೇ ಕಷ್ಟವಾಗುವುದೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಷಿಕಾಗೋ ನಗರದಲ್ಲಿ, ಕೆಲಸ ಮುಗಿದೊಡನೆ, ಅಲ್ಲಿಯ ಮಿತ್ರರು ನಮ್ಮನ್ನು ಒಂದು ಸ್ಟೇಕ್‌ಹೌಸಿಗೆ, ಎಂದರೆ ದನದ ಮಾಂಸದ ದಪ್ಪ ತುಂಡುಗಳನ್ನು ಸುಟ್ಟು ಬಡಿಸುವ ಭೋಜನಶಾಲೆಗೆ, ಬಹಳ ಆದರದಿಂದ ಕರೆದೊಯ್ದರು. ಆ ಊರಿಗೆ ಇದು ಸಹಜವೇ. 1865ರಲ್ಲಿ ತೆರೆದು 1971ರಲ್ಲಿ ಮುಚ್ಚಿದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ದನ ಹಂದಿಗಳ ಮಹಾಸಂತೆ ಅಲ್ಲಿಯೇ ಇದ್ದಿತು. ದೇಶದ ನಾನಾ ಭಾಗಗಳಿಗೆ ಅಲ್ಲಿಂದ ಮಾಂಸ ಹೋಗುತ್ತಿತ್ತು.

ನಾವಾದರೋ ಶಾಕಾಹಾರಿಗಳು. ಹೇಳಿಕೊಳ್ಳಲು ಸಂಕೋಚ. ಈರುಳ್ಳಿಯ ಸೂಪೆಂದ ಮೇಲೆ ಭಯವೇನೆಂದು ಒಂದು ಬಟ್ಟಲು ತರಿಸಿ, ಅರ್ಧ ಕುಡಿದು, ರುಚಿಯಲ್ಲಿ ಅನುಮಾನ ಬಂದು ಮಾಣಿಯನ್ನು ಕೇಳಿದೆವು. ದನದ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ರಸದಲ್ಲಿ ಮಾಡಿದ್ದೆಂದು ಆತನು ಹೆಮ್ಮೆಯಿಂದಲೇ ತಿಳಿಸಿದನು! ಚಮಚವನ್ನು ಕೆಳಗಿಟ್ಟೆವು. ನಮಗಿಂತಲೂ ಕರೆದವರ ಮುಖವೇ ಹೆಚ್ಚು ಬಾಡಿತು. “ಬೆಳಿಗ್ಗೆಯೇ ಹೇಳಬಾರದಾಗಿತ್ತೇ?” ಎಂದರು. ಅವರ ಮಾತಿನಲ್ಲಿ ನ್ಯಾಯವಿದ್ದಿತು.

ಇಂತಹ ಮನೆಗಳಲ್ಲಿ ನಮ್ಮಂಥವರಿಗೂ ಊಟವುಂಟು: ಸಿಪ್ಪೆಸಹಿತ ಬೇಯಿಸಿದ ಮುಷ್ಟಿಗಾತ್ರದ ಆಲೂಗಡ್ಡೆ, ಕೆನೆಯಲ್ಲಿ ಬೆಂದ ಪಾಲಕ್ ಸೊಪ್ಪು, ರೊಟ್ಟಿ, ಬೆಣ್ಣೆ. ಆದರೆ ಆಲೂಗಡ್ಡೆಯ ಮೇಲೆ ಹಂದಿಮಾಂಸದ ಚೂರುಗಳನ್ನು ಉದುರಿಸುವುದುಂಟು. ಕೆಲವೆಡೆ ಅದನ್ನು ದನದ ಕೊಬ್ಬಿನಲ್ಲಿ ಕರಿಯುವುದೂ ಉಂಟು. ಸೀಸರ್ ಸಲಾಡ್ ಎಂಬ ಸೊಪ್ಪಿನ ಕೋಸಂಬರಿಯಲ್ಲಿ ಸಣ್ಣ ಮೀನು ಅರೆದು ಸೇರಿರುತ್ತದೆ. ಇವನ್ನೆಲ್ಲ ತರಿಸುವ ಮುಂಚೆಯೇ ವಿಚಾರಿಸತಕ್ಕದ್ದು.

ಮರುದಿನವೂ ಅಂತಹುದೇ ಇನ್ನೊಂದು ಭೋಜನಶಾಲೆ. ಈ ಸಲ ನಾವು ಬೆಳಿಗ್ಗೆಯೇ ಹೇಳಿದ್ದೆವು. ನಾವು ಕುಳಿತುಕೊಳ್ಳುವ ಮೊದಲೇ ಆ ಮಿತ್ರರು ಮಾಣಿಯನ್ನು ಪಕ್ಕಕ್ಕೆ ಕರೆದು, ಪಟ್ಟಿಯ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೇಳುತ್ತಿದ್ದರು.