ಬಯಲು ಬರಿದಲ್ಲ

ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲವನ್ನು ‘ಖಾಲಿ ಜಾಗ’ವೆನ್ನುವವರು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿಯೂ ಉಂಟು. ಅನರ್ಥದ ಬೀಜವಿರುವುದು ಈ ಮಾತಿನಲ್ಲಿಯೇ. ಖಾಲಿಯೆಂದ ಮೇಲೆ ತುಂಬುವವನು ಬಂದೇ ಬರುವನು. ಅದೂ ಪರೋಪಕಾರದ ವೇಷದಲ್ಲಿ.

ಬೆಂಗಳೂರಿನ ಸದಾಶಿವನಗರದಲ್ಲಿ ನಡೆದುದು ಹೀಗೆಯೇ. ಉದ್ಯಾನಕ್ಕಾಗಿ ಕಾದಿರಿಸಿದ್ದ ಸ್ಥಳವು ಖಾಸಗಿ ಶುಶ್ರೂಷಾಲಯಕ್ಕೆ ಹಂಚಿಕೆಯಾಯಿತು. ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು; ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅವರ ಪಕ್ಷವನ್ನೇ ಎತ್ತಿಹಿಡಿಯಿತು. ರೋಗಿಗೆ ಆಸ್ಪತ್ರೆ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು, ನಿಸ್ಸಂದೇಹವಾಗಿ ಬೇಕು. ಆದರೆ ಹಣ ತೆತ್ತವರಿಗೆ ಮಾತ್ರ ತೆರೆಯುವ ಬಾಗಿಲು, ಬಾಗಿಲೇ ಇಲ್ಲದ ಬಯಲಿಗೆ ಪ್ರತಿಯಾಗುವುದೆಂತು?

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರಿನ ನೆಲಕ್ಕೆ ಬೆಲೆ ಬಂದಿತು, ನೆರಳಿಗೆ ಬರಲಿಲ್ಲ. ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಅಶೋಕನ ಹೆಸರು ದೊರೆತುದನ್ನು ಅಭಿಮಾನದಿಂದ ಸ್ಮರಿಸುವವರು, ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದು ಆ ಅರಸನೇ ಸ್ತಂಭಶಾಸನದಲ್ಲಿ ಬರೆಯಿಸಿರುವುದನ್ನೇಕೆ ಮರೆಯುವರೋ! ಬೇಸಗೆಯಲ್ಲಿ ಕಾದ ಎರೆಮಣ್ಣಿನ ಮೇಲೆ ನಡೆದವರಿಗೆ ಮರದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಶಾಸನಕ್ಕೇನೂ ಕೊರತೆಯಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಗಳು ಸಿದ್ಧಪಡಿಸಬೇಕೆಂದು 1985ರ ರಾಜ್ಯ ಅಧಿನಿಯಮವೇ ವಿಧಿಸಿದೆ. ಪಟ್ಟಿಯಲ್ಲಿಲ್ಲದ ಬಯಲನ್ನು ಕಬಳಿಸುವುದು ಸುಲಭ. ಆದುದರಿಂದ ಮೂರೂ ಊರುಗಳ ಗೃಹಸ್ಥರು ಅನುಮೋದಿತ ನಕ್ಷೆಗಳ ನಕಲು ಪಡೆದು, ತಮ್ಮ ತಮ್ಮ ಬಡಾವಣೆಯ ಉದ್ಯಾನದ ಚಕ್ಕುಬಂದಿಯನ್ನು ಅಳೆಯಿಸಿ, ಪಟ್ಟಿಯನ್ನು ಪ್ರಕಟಿಸುವಂತೆ ಪೌರಸಂಸ್ಥೆಗೆ ಲಿಖಿತ ಮನವಿ ಕೊಡಲಿ. ಅಡಿಗಲ್ಲು ಬೀಳುವ ಮುನ್ನವೇ ಕೊಡಲಿ.