ಒಂದೇ ಪಕ್ಷ, ಒಂದೇ ಮನೆ



ಮೊನ್ನೆ ಹೊಳೆನರಸೀಪುರದಲ್ಲಿ ಟೀ ಕುಡೀತಾ ಒಬ್ಬ ಹುಡುಗ ಕೇಳಿದ: "ಅಣ್ಣಾ, ಆಫ್ರಿಕಾದವರು ಸ್ವಾತಂತ್ರ್ಯ ಬಂದ್ಮೇಲೆ ಯಾಕೆ ಒಂದೇ ಪಕ್ಷ ಇಟ್ಕೊಂಡ್ರು? ಅವರಿಗೆ ಡೆಮಾಕ್ರಸಿ ಗೊತ್ತಿರಲಿಲ್ವಾ?" ನಗು ಬಂತು. ಹಾಸನ ಜಿಲ್ಲೆಯಲ್ಲಿ ಕೂತು ಕೇಳೋ ಪ್ರಶ್ನೆನಾ ಇದು!

ಗೊತ್ತಿತ್ತು ಕಣಪ್ಪ. ಘಾನಾದ್ದೇ ತಗೋ. ಬ್ರಿಟಿಷರು 1947ರಲ್ಲಿ ಅಲ್ಲೊಂದು ಕೋಕೋ ಮಂಡಳಿ ಮಾಡಿದ್ರು. ರೈತ ಬೆಳೆದ ಕೋಕೋಗೆ ಅದು ಹೇಳಿದ್ದೇ ರೇಟು. 1957ರಲ್ಲಿ ಬಿಳಿಯರು ಹೋದರು, ಮಂಡಳಿ ಹೋಗಲಿಲ್ಲ. ಎನ್‌ಕ್ರುಮಾ ಅವರ ಪಕ್ಷ ಅದರ ಮೇಲೆ ಕೂತಿತು. ಹೊಟ್ಟೆಪಾಡಿನ ದಾರಿ ಒಂದೇ ಕೈಯಲ್ಲಿದ್ರೆ ಎದುರು ಪಕ್ಷ ಎಲ್ಲಿಂದ ಬೆಳೀಬೇಕು? 1958ರಲ್ಲಿ ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನು ಬಂತು. 1964ರಲ್ಲಿ ಒಂದೇ ಪಕ್ಷ ಸಾಕಾ ಅಂತ ಜನರ ಮತ ಕೇಳಿದ್ರು, ಶೇ 99ಕ್ಕೂ ಹೆಚ್ಚು 'ಹೌದು'! ಕೊಟ್ಟ ಕಾರಣ ಒಗ್ಗಟ್ಟು. ಬುಡಕಟ್ಟುಗಳು ಕಿತ್ತಾಡ್ತವೆ, ದೇಶ ಒಡೆಯುತ್ತೆ. ಟಾಂಜಾನಿಯಾದ ನೈರೆರೆಯಂಥ ಸರಳ ಮನುಷ್ಯ ಕೂಡ ಒಗ್ಗಟ್ಟಿನ ಮಾತಾಡಿಯೇ 1965ರಲ್ಲಿ ಒಂದೇ ಪಕ್ಷ ಮಾಡಿದರು. ಕೀನ್ಯಾದ ವಿರೋಧ ಪಕ್ಷವಂತೂ 1964ರಲ್ಲಿ ತಾನೇ ಅಂಗಡಿ ಮುಚ್ಚಿ ಆಳುವ ಪಕ್ಷ ಸೇರ್ಕೊಂಡಿತು. (ಇದು ನಮಗೆ ಹೊಸದೇನಲ್ಲ ಬಿಡಿ.)

ಈಗ ನಮ್ಮ ಜಿಲ್ಲೆಗೆ ಬನ್ನಿ. ಇಲ್ಲಿ ಕಾನೂನೇ ಬೇಕಾಗಲಿಲ್ಲ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ಪ್ರಧಾನಿ ಆಗೋವರೆಗೆ ಬೆಳೆದವರು, ಅದನ್ನ ಯಾರೂ ಅಲ್ಲಗಳೆಯಲ್ಲ. ಆದ್ರೆ 2018ರಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೇರುವ ಶ್ರವಣಬೆಳಗೊಳ ಎಲ್ಲಾ ಸೇರಿ ಏಳರಲ್ಲಿ ಆರು ಸೀಟು ಜೆಡಿಎಸ್‌ಗೆ ಹೋಗಿದ್ದು ಬರೀ ಅಭಿಮಾನಕ್ಕಾ? ಆಗ ಅಪ್ಪ ಸಂಸದ, ಒಬ್ಬ ಮಗ ಮುಖ್ಯಮಂತ್ರಿ, ಇನ್ನೊಬ್ಬ ಮಂತ್ರಿ. ಹಾಲು ಒಕ್ಕೂಟದ ಅಧ್ಯಕ್ಷತೆಯೂ ಆ ಮಂತ್ರಿ ಮನೆಯದ್ದೇ. ಅಲ್ಲಿ ಕೋಕೋ, ಇಲ್ಲಿ ಹಾಲು. ಎರಡು ಹಸು, ಹತ್ತು ಗುಂಟೆ ಇರೋ ನಮ್ಮ ಕೇರಿಯವನು ಡೈರಿ, ಸೊಸೈಟಿ ಸಾಲ ನೆನೆಸ್ಕೊಂಡೇ ಬೂತಿಗೆ ಹೋಗ್ತಾನೆ.

ಒಗ್ಗಟ್ಟಿನ ಮಾತು ನಮಗಂತೂ ಹಳೇದು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಗೆ ಹೋದ ನಮ್ಮ ಹೆಣ್ಣುಮಕ್ಕಳಿಗೇ ದಂಡ ಹಾಕಿದ್ರು. ನ್ಯಾಯ ಕೇಳಿದಾಗಲೆಲ್ಲ ನಮ್ಮ ಕಿವಿಗೆ ಬೀಳೋದು 'ಊರು ಕೆಡಿಸಬೇಡಿ' ಅಂತ. ಪಂಚಾಯಿತಿಗೆ 'ಅವಿರೋಧ ಆಯ್ಕೆ' ಅಂತ ಹಾರ ಹಾಕ್ತಾರಲ್ಲ, ಎಷ್ಟೋ ಕಡೆ ಅದರರ್ಥ ಎಲ್ಲರೂ ಒಪ್ಪಿದ್ರು ಅಂತಲ್ಲ ಸ್ವಾಮಿ, ನಾಮಪತ್ರ ಹಾಕೋ ಧೈರ್ಯ ಯಾರಿಗೂ ಬರಲಿಲ್ಲ ಅಂತ. ಘಾನಾದ 99 ಪರ್ಸೆಂಟೂ ಅಂಥದ್ದೇ.

2024ರಲ್ಲಿ ಆ ಮನೆ ಸೋತಿತಲ್ಲ ಅಂತೀರಾ? ಗೆದ್ದವರು ಯಾರು? 1999ರಲ್ಲಿ ದೇವೇಗೌಡರನ್ನ ಸೋಲಿಸಿದ್ದ ಪುಟ್ಟಸ್ವಾಮಿಗೌಡರ ಮೊಮ್ಮಗ. ಸೀಟು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯ್ತು, ಅಷ್ಟೆ.

ನಿಮ್ಮೂರಿನ ಡೈರಿ, ಸೊಸೈಟಿ ಅಧ್ಯಕ್ಷರ ಕುರ್ಚಿಯಲ್ಲಿ ನಮ್ಮ ಕೇರಿಯವರು ಎಷ್ಟು ಸಲ ಕೂತಿದ್ದಾರೆ? ಊರು, ತಾಲ್ಲೂಕು ಹಾಕಿ ಇಲ್ಲೇ ಬರೀರಿ.